ಸೂಜಿಗೆ ಮುಖವೊಡ್ಡುವ ಮೊದಲು

ಮೊಡವೆ ಹೋದರೂ ಅದು ಬಿಟ್ಟ ಗುಂಡಿ ಕೆನ್ನೆಯ ಮೇಲೆ ಉಳಿದುಬಿಡುತ್ತದೆ. ಹೆಣ್ಣು ನೋಡಲು ಬಂದವರ ಕಣ್ಣು ಅಲ್ಲಿಗೇ ಹೋಗುತ್ತದೆ. ಆಗ ಮಗಳಿಗಿಂತ ಹೆಚ್ಚು ನೊಂದುಕೊಳ್ಳುವವಳು ತಾಯಿ. ‘ಎಷ್ಟು ಖರ್ಚಾದರೂ ಸರಿ, ಇದೊಂದು ಹೋಗಲಿ’ ಎಂಬ ಆ ಸಂಕಟಕ್ಕೆ ಮಾರುಕಟ್ಟೆಯಲ್ಲಿ ಈಗ ಒಂದು ಉತ್ತರ ಸಿದ್ಧವಿದೆ. ಅದೇ ಪೆನ್ನಿನಂತೆ ಕಾಣುವ ಮೈಕ್ರೋನೀಡ್ಲಿಂಗ್ ಯಂತ್ರ. ಇದನ್ನು ಲಿಂಗಸುಗೂರು ತಾಲೂಕಿನ ಗುರುಗುಂಟಾದಲ್ಲಿ ಕುಳಿತೇ ಮೊಬೈಲಿನಲ್ಲಿ ತರಿಸಿಕೊಳ್ಳಬಹುದು. ಆದರೆ ಸಹೋದರಿಯರೇ, ತರಿಸಿಕೊಳ್ಳುವ ಮೊದಲು ಇದೇನೆಂದು ತಿಳಿದುಕೊಳ್ಳಿ.

ಪೆನ್ನಿನ ತುದಿಯಲ್ಲಿ ಕೂದಲೆಳೆಯಷ್ಟು ತೆಳುವಾದ ಹಲವು ಸೂಜಿಗಳಿರುತ್ತವೆ. ಒಳಗಿನ ಮೋಟಾರು ಅವುಗಳನ್ನು ಅತಿ ವೇಗವಾಗಿ ಮೇಲೆ ಕೆಳಗೆ ಆಡಿಸುತ್ತದೆ. ಚರ್ಮದಲ್ಲಿ ಸಾವಿರಾರು ಸಣ್ಣ ಗಾಯಗಳಾಗುತ್ತವೆ. ಅವು ಮಾಯುವಾಗ ದೇಹವು ಕೊಲಾಜೆನ್ ಎಂಬ ಪ್ರೋಟೀನನ್ನು ಹೊಸದಾಗಿ ತಯಾರಿಸುತ್ತದೆ. ಅದರಿಂದ ಗುಂಡಿ ಸ್ವಲ್ಪ ಸ್ವಲ್ಪವಾಗಿ ತುಂಬಿಕೊಳ್ಳುತ್ತದೆ. ಅಂದರೆ ಯಂತ್ರ ಮಾಡುವುದು ಗಾಯವನ್ನು ಮಾತ್ರ. ವಾಸಿ ಮಾಡುವುದು ನಿಮ್ಮ ದೇಹ.

1997ರಲ್ಲಿ ಕೆನಡಾದ ಇಬ್ಬರು ವೈದ್ಯರು ಹಚ್ಚೆ ಹಾಕುವ ಯಂತ್ರವನ್ನು ಶಾಯಿಯಿಲ್ಲದೆ ಕಲೆಗಳ ಮೇಲೆ ಬಳಸಿ ಫಲ ಕಂಡಿದ್ದರು. ಆಮೇಲೆ ಸೂಜಿಗಳಿರುವ ಉರುಳೆ, ಅಂದರೆ ಡರ್ಮಾ ರೋಲರ್ ಬಂತು. ಬೆಂಗಳೂರಿನ ಚರ್ಮವೈದ್ಯ ಡಾ. ಸತೀಶ್ ದೊಡ್ಡಬಳ್ಳಾಪುರ 2009ರಲ್ಲೇ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇದರ ಕುರಿತು ಬರೆದಿದ್ದರು. ಉರುಳೆ ಎಷ್ಟು ಆಳಕ್ಕೆ ಇಳಿಯುತ್ತದೆಂಬುದು ಕೈಯ ಒತ್ತಡವನ್ನೂ ಅವಲಂಬಿಸಿರುತ್ತದೆ. ಪೆನ್ನಿನಲ್ಲಿ ಆಳವನ್ನು ಮೊದಲೇ ನಿಗದಿ ಮಾಡಬಹುದು, ಸೂಜಿಯ ತುದಿಯನ್ನು ಪ್ರತಿಯೊಬ್ಬರಿಗೂ ಬದಲಾಯಿಸಬಹುದು. ಅದರ ದೊಡ್ಡ ಅನುಕೂಲ ಇದೇ.

ಆ ತುದಿಯನ್ನು ಬದಲಾಯಿಸದಿದ್ದರೆ? ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಪರವಾನಗಿಯಿಲ್ಲದ ಒಂದು ಸ್ಪಾ ಇತ್ತು. ಗ್ರಾಹಕರ ರಕ್ತವನ್ನೇ ತೆಗೆದು, ಅದರ ಒಂದು ಭಾಗವನ್ನು ಸೂಜಿಯಿಂದ ಮುಖಕ್ಕೆ ಸೇರಿಸುವ ಚಿಕಿತ್ಸೆ ಅಲ್ಲಿ ನಡೆಯುತ್ತಿತ್ತು. ಅಲ್ಲಿಗೆ ಹೋಗಿದ್ದ ಮಹಿಳೆಯೊಬ್ಬರಲ್ಲಿ 2018ರಲ್ಲಿ ಎಚ್‌ಐವಿ ಪತ್ತೆಯಾಯಿತು. ತನಿಖೆಗೆ ಹೋದವರಿಗೆ ಅಡುಗೆಮನೆಯಲ್ಲಿ ಹೆಸರು ಬರೆಯದ ರಕ್ತದ ನಳಿಕೆಗಳು ಸಿಕ್ಕವು. ಒಮ್ಮೆ ಬಳಸಿ ಎಸೆಯಬೇಕಾದ ಸಾಮಗ್ರಿಯನ್ನು ಮತ್ತೆ ಬಳಸಿದ ಸೂಚನೆಗಳೂ ಇದ್ದವು. ಮೂವರು ಮಹಿಳೆಯರಿಗೆ ಸೋಂಕು ಅಲ್ಲಿಂದಲೇ ತಗುಲಿರಬೇಕೆಂದು ಅಮೆರಿಕದ ಆರೋಗ್ಯ ಇಲಾಖೆಯ ತಜ್ಞರು 2024ರಲ್ಲಿ ವರದಿ ಮಾಡಿದರು. ಚೆಲುವಿಗಾಗಿ ಹೋದವರು ಜೀವನವಿಡೀ ಔಷಧಿ ನುಂಗುವಂತಾಯಿತು.

ಆದ್ದರಿಂದ ಸಂಕೋಚ ಬಿಟ್ಟು ಕೇಳಿ. ನೀವು ಚರ್ಮರೋಗ ತಜ್ಞರೇ? ಹೊಸ ಸೂಜಿಯ ಪೊಟ್ಟಣವನ್ನು ನನ್ನೆದುರೇ ಒಡೆಯುತ್ತೀರಾ? ಬಳಸಿದ್ದನ್ನು ಎಲ್ಲಿ ಹಾಕುತ್ತೀರಿ? ಈ ಮೂರು ಪ್ರಶ್ನೆಗಳಿಗೆ ಮುಖ ಸಿಂಡರಿಸುವ ಕಡೆ ಕುಳಿತುಕೊಳ್ಳಬೇಡಿ. ಮನೆಗೆ ತರಿಸಿದ ಯಂತ್ರವನ್ನು ಅಕ್ಕ, ತಂಗಿ, ನಾದಿನಿ ಸರದಿಯಂತೆ ಬಳಸುವುದಂತೂ ಬೇಡವೇ ಬೇಡ. ಹೆಪಟೈಟಿಸ್ ಬಿ, ಸಿ ಕೂಡ ರಕ್ತದ ಮೂಲಕ ಹರಡುವ ರೋಗ. ಒಂದೇ ಮನೆಯವರೆಂದು ಅದು ರಿಯಾಯಿತಿ ತೋರುವುದಿಲ್ಲ.

ಇದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದೂ ಗೊತ್ತಿರಲಿ. ಬಣ್ಣ ಬೆಳ್ಳಗಾಗುವುದಿಲ್ಲ. ಅಗಲವಾದ ತಗ್ಗುಗಳಿಗೆ ಸಾಕಷ್ಟು ಪ್ರಯೋಜನವಾಗುತ್ತದೆ, ಸೂಜಿ ಚುಚ್ಚಿದಂತಹ ಕಿರಿದಾದ ಆಳ ಗುಂಡಿಗಳಿಗೆ ಕಡಿಮೆ. ಸಾಮಾನ್ಯವಾಗಿ ತಿಂಗಳಿಗೊಮ್ಮೆಯಂತೆ ಮೂರರಿಂದ ಆರು ಸಲ ಮಾಡಿಸಬೇಕು. ಪೂರ್ಣ ಫಲ ಕಾಣಲು ಇನ್ನೂ ಕೆಲವು ತಿಂಗಳು ಬೇಕು. ಮದುವೆಗೆ ಹದಿನೈದು ದಿನವಿರುವಾಗ ಓಡುವುದರಲ್ಲಿ ಅರ್ಥವಿಲ್ಲ.

ಮುಖದಲ್ಲಿ ಕೀವು ತುಂಬಿದ ಮೊಡವೆ ಅಥವಾ ಸೋಂಕು ಇರುವವರು, ಗಾಯವಾದಲ್ಲೆಲ್ಲ ಗಂಟು ಕಟ್ಟುವ ಕೆಲಾಯ್ಡ್ ಚರ್ಮದವರು ಇದರಿಂದ ದೂರವಿರಬೇಕು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ಗರ್ಭಿಣಿಯರು ವೈದ್ಯರಿಗೆ ಮೊದಲೇ ತಿಳಿಸಬೇಕು. ಚಿಕಿತ್ಸೆಯ ನಂತರ ಒಂದೆರಡು ದಿನ ಮುಖ ಕೆಂಪಾಗಿರುತ್ತದೆ. ಆಗ ಬಿಸಿಲಿಗೆ ಹೋದರೆ ನಮ್ಮಂತಹ ಕಂದು ಚರ್ಮದಲ್ಲಿ ಹೊಸ ಕಪ್ಪು ಕಲೆಗಳು ಏಳಬಹುದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು ಜಿಲ್ಲೆಯಲ್ಲಿ ಹೊಲಕ್ಕೆ ಹೋಗುವ ಹೆಣ್ಣುಮಕ್ಕಳು ಇದನ್ನು ಮರೆಯಬಾರದು. ಬಿಸಿಲು ತಗ್ಗಿದ ತಿಂಗಳುಗಳೇ ಇದಕ್ಕೆ ಒಳ್ಳೆಯವು.

ಎಲ್ಲಕ್ಕಿಂತ ಅಗ್ಗದ ಚಿಕಿತ್ಸೆ ಗುಂಡಿ ಬೀಳದಂತೆ ನೋಡಿಕೊಳ್ಳುವುದು. ಮೊಡವೆ ಹೆಚ್ಚಾದ ಕೂಡಲೇ, ಅಂಗಡಿಯಲ್ಲಿ ಕೇಳಿದ ಕ್ರೀಮು ಹಚ್ಚದೆ, ಚಿವುಟದೆ ಮಗಳನ್ನು ವೈದ್ಯರಿಗೆ ತೋರಿಸಿ. ರಾಯಚೂರಿನ ಸರಕಾರಿ ರಿಮ್ಸ್ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಹದಿನಾರರಲ್ಲಿ ಬಸ್ಸಿನ ಖರ್ಚು ಮಾಡಿದರೆ ಇಪ್ಪತ್ತೆರಡರಲ್ಲಿ ಸಾವಿರಾರು ರೂಪಾಯಿ ಉಳಿದೀತು.

ಇನ್ನು ಹೆಣ್ಣು ನೋಡಲು ಹೋಗುವ ಅತ್ತೆಯಂದಿರಿಗೂ ಒಂದು ಮಾತು. ನಿಮ್ಮ ಮಗನ ಕೆನ್ನೆಯಲ್ಲೂ ಗುಂಡಿಗಳಿರಬಹುದು, ಅದನ್ನು ಯಾರೂ ಎಣಿಸಲಿಲ್ಲ. ಸೊಸೆಯಾಗಿ ಬರುವವಳ ಮುಖದಲ್ಲಿ ನೀವೂ ಎಣಿಸಬೇಡಿ. ಎಷ್ಟೋ ಹೆಣ್ಣುಮಕ್ಕಳು ಸೂಜಿಯ ಮುಂದೆ ಕೂರುವುದು ಕಲೆಗೆ ಹೆದರಿ ಅಲ್ಲ, ನಿಮ್ಮ ಮಾತಿಗೆ ಹೆದರಿ.