ವಾಸನೆ ಬಂದಾಗಲೇ ಕಾರು ನಿಲ್ಲಿಸೋಣ, ಖರ್ಚು ಹಂಚಿಕೊಳ್ಳೋಣ

ಗಲ್ಫಿನ ನಮ್ಮ ರೂಮುಗಳಲ್ಲಿ ನಾಲ್ಕೈದು ಮಂದಿ ಸೇರಿ ಒಂದು ಹಳೇ ಕಾರು ಕೊಳ್ಳುವುದು ಹೊಸ ಸಂಗತಿಯೇನಲ್ಲ. ಇಸ್ತಿಮಾರಾ ಒಬ್ಬರ ಹೆಸರಲ್ಲಿ ಇರುತ್ತದೆ, ಪೆಟ್ರೋಲಿಗೆ ಎಲ್ಲರ ಪಾಲೂ ಇರುತ್ತದೆ. ರಿಪೇರಿ ಯಾರದ್ದು ಎಂದು ಕೇಳಿದರೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಹಾಗಾಗಿ ರಬ್ಬರ್ ಸುಟ್ಟ ವಾಸನೆ ಬಂದರೂ "ಸಂಬಳ ಆಗಲಿ, ಆಮೇಲೆ ನೋಡುವ" ಎಂದು ವಾರಗಟ್ಟಲೆ ಗಾಡಿ ಓಡುತ್ತಲೇ ಇರುತ್ತದೆ. ಇದು ಉಳಿತಾಯ ಅಲ್ಲ, ಮುಂದೂಡಿದ ಸಾಲ ಎನ್ನುವುದು ಲೆಕ್ಕ ಬರೆಯುವ ನಮ್ಮ ಅಭಿಪ್ರಾಯ.

ವಾಸನೆ ಎಲ್ಲಿಂದ, ಯಾವಾಗ ಬರುತ್ತದೆ ಎಂದು ಗಮನಿಸಿದರೆ ಅರ್ಧ ಕೆಲಸ ಮುಗಿಯಿತು.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಅಥವಾ ಏಸಿ ಹಾಕಿದ ಕೂಡಲೇ ಕೀಚ್ ಎಂಬ ಸದ್ದಿನ ಜೊತೆ ವಾಸನೆ ಬಂದರೆ ಮೊದಲ ಸಂಶಯ ಇಂಜಿನ್ನಿನ ಬೆಲ್ಟ್ ಮೇಲೆ. ಆಲ್ಟರ್ನೇಟರ್, ಏಸಿ ಕಂಪ್ರೆಸರ್, ಎಷ್ಟೋ ಗಾಡಿಗಳಲ್ಲಿ ವಾಟರ್ ಪಂಪ್ ಕೂಡ ತಿರುಗುವುದು ಇದೇ ಬೆಲ್ಟಿನಿಂದ. ಅದು ಸಡಿಲವಾದರೆ ಜಾರಿ ಜಾರಿ ಉಜ್ಜಿ ಬಿಸಿಯಾಗುತ್ತದೆ. ಇಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಬಾನೆಟ್ ಎತ್ತಿ ನೋಡಿ. ಬೆಲ್ಟಿನ ಒಳಮೈ ಗಾಜಿನಂತೆ ಹೊಳೆಯುತ್ತಿದೆಯೋ, ಬಿರುಕು ಬಿಟ್ಟಿದೆಯೋ, ಅಂಚು ನೂಲು ಬಿಟ್ಟಿದೆಯೋ ಕಾಣುತ್ತದೆ. ಇಲ್ಲಿ ಒಂದು ಮಾತು ನೆನಪಿರಲಿ: ಪುಲ್ಲಿಯೋ ಕಂಪ್ರೆಸರೋ ಜಾಮ್ ಆಗಿ ಬೆಲ್ಟ್ ಸುಡುತ್ತಿದ್ದರೆ, ಬರೀ ಬೆಲ್ಟ್ ಬದಲಿಸಿದ್ದರಿಂದ ಪ್ರಯೋಜನ ಇಲ್ಲ, ಹೊಸದೂ ಹಾಗೆಯೇ ಸುಡುತ್ತದೆ. ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಕೊಡುವ ಮೊದಲು "ಪುಲ್ಲಿಗಳನ್ನು ತಿರುಗಿಸಿ ನೋಡಿದ್ರಾ?" ಎಂದು ಕೇಳಿ.

ಗಾಡಿ ನಿಲ್ಲಿಸಿದ ಮೇಲೆ ಒಂದು ಚಕ್ರದ ಬಳಿ ಮಾತ್ರ ವಾಸನೆ ಬಂದರೆ ಅದು ಬ್ರೇಕ್. ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿರಲಿಕ್ಕಿಲ್ಲ, ಇಲ್ಲವೇ ಕ್ಯಾಲಿಪರ್ ಹಿಡಿದುಕೊಂಡಿರಬಹುದು. ಮುಟ್ಟದೆ, ಹತ್ತಿರ ಕೈ ಹಿಡಿದರೂ ಒಂದು ಚಕ್ರ ಉಳಿದ ಮೂರಕ್ಕಿಂತ ಬಿಸಿ ಎಂದು ಗೊತ್ತಾಗುತ್ತದೆ. ಅದಕ್ಕೆ ನೀರು ಸುರಿಯಬೇಡಿ, ಬಿಸಿ ಡಿಸ್ಕ್ ಸೊಟ್ಟಗಾಗುತ್ತದೆ. ಐದು ಮಂದಿ ಕೂತು ಡಿಕ್ಕಿಯಲ್ಲೂ ಸಾಮಾನು ತುಂಬಿದಾಗ ಹಂಪಿನ ಮೇಲೆ ಟಯರ್ ಒಳಗಿನ ಮಡ್‌ಗಾರ್ಡಿಗೆ ಉಜ್ಜುವುದೂ ಇದೆ. ಗಾಳಿ ಕಡಿಮೆ ಇದ್ದರೆ ಟಯರೇ ಬಿಸಿಯಾಗುತ್ತದೆ, ಬೇಸಿಗೆಯ ಹೈವೇಯಲ್ಲಿ ಅದು ಸಿಡಿಯಲೂ ಸಾಕು. ಗಾಳಿ ನೋಡುವುದು ಬೆಳಿಗ್ಗೆ, ಗಾಡಿ ಓಡುವ ಮೊದಲು. ಟಯರ್ ಎಷ್ಟು ಹಳತು ಎಂದು ಅದರ ಮೇಲೇ ಬರೆದಿರುತ್ತದೆ. ನಾಲ್ಕು ಅಂಕಿ 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು.

ಪ್ಲಾಸ್ಟಿಕ್ ಸುಟ್ಟಂಥ ವಾಸನೆ ಗಾಡಿಯ ಒಳಗೇ ಬಂದರೆ ಅದು ವಯರಿಂಗ್. ಇದೇ ಎಲ್ಲಕ್ಕಿಂತ ಅಪಾಯ. 10 ಆಂಪಿಯರಿನ ಫ್ಯೂಸ್ ಪದೇಪದೇ ಹೋಗುತ್ತದೆ ಎಂದು 20ರದ್ದು ಹಾಕಿಸಿಕೊಂಡರೆ, ಫ್ಯೂಸ್ ಉಳಿದು ವಯರು ಉರಿಯುತ್ತದೆ. ಬಾನೆಟ್ ಸಂದಿಯಿಂದ ಎಣ್ಣೆ ಸುಟ್ಟ ವಾಸನೆ, ತೆಳು ಹೊಗೆ ಬಂದರೆ ಎಲ್ಲೋ ಗ್ಯಾಸ್ಕೆಟ್ ಸೋರಿ ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಆಯಿಲ್ ಬೀಳುತ್ತಿದೆ ಎಂದರ್ಥ.

ದಾರಿಯಲ್ಲಿ ವಾಸನೆ ಜಾಸ್ತಿಯಾದರೆ, ಟೆಂಪರೇಚರ್ ಮುಳ್ಳು ಏರಿದರೆ, ಬ್ಯಾಟರಿ ಲೈಟ್ ಉರಿದರೆ ಡ್ಯೂಟಿಗೆ ತಡವಾದರೂ ಪರವಾಗಿಲ್ಲ, ಗಾಡಿ ಬದಿಗೆ ತೆಗೆದು ಇಂಜಿನ್ ಆಫ್ ಮಾಡಿ. ಸೆಕೆ ಎಂದು ಏಸಿ ಹಾಕಿಕೊಂಡು ಒಳಗೆ ಕೂರಬೇಡಿ, ಎಲ್ಲರೂ ಇಳಿದು ದೂರ ನಿಲ್ಲಿ. ಹೊಗೆ ದಟ್ಟವಾಗಿದ್ದರೆ ಬಾನೆಟ್ ಎತ್ತಬೇಡಿ, ಗಾಳಿ ಸಿಕ್ಕರೆ ಬೆಂಕಿ ಜೋರಾಗುತ್ತದೆ. ಬೆಂಕಿಗೆ ಕರೆ ಮಾಡಬೇಕಾದ ನಂಬರ್ ಸೌದಿಯಲ್ಲಿ 998, ಯುಎಇಯಲ್ಲಿ 997.

ಇನ್ನು ಲೆಕ್ಕಕ್ಕೆ ಬರೋಣ. ಹಳೇ ಗಾಡಿಗಳಿಗೆ ನಮ್ಮವರು ಹೆಚ್ಚಾಗಿ ಮಾಡಿಸುವುದು ಥರ್ಡ್ ಪಾರ್ಟಿ ಇನ್ಶೂರೆನ್ಸ್. ಅದು ಎದುರಿನವರ ನಷ್ಟಕ್ಕೆ ಮಾತ್ರ. ನಮ್ಮ ಗಾಡಿ ಉರಿದು ಹೋದರೆ ಒಂದು ರಿಯಾಲೂ ಬರುವುದಿಲ್ಲ. ಐದು ಮಂದಿ ತಿಂಗಳಿಗೆ 20 ರಿಯಾಲ್ ತೆಗೆದಿಟ್ಟರೆ ವರ್ಷಕ್ಕೆ 1,200 ಆಗುತ್ತದೆ. ಬೆಲ್ಟ್, ಬ್ರೇಕಿನಂಥ ಕೆಲಸ ಬಂದಾಗ ಯಾರ ಮುಂದೆಯೂ ಕೈಯೊಡ್ಡಬೇಕಾಗಿಲ್ಲ. ಒಂದು ಪುಸ್ತಕದಲ್ಲಿ ತಾರೀಕು, ಕಿಲೋಮೀಟರ್, ಕೆಲಸ, ಹಣ ಬರೆದಿಡಿ. ಸನಾಯ್ಯಾದ ಗ್ಯಾರೇಜಿನಲ್ಲಿ ಮೊದಲೇ ರೇಟು ಕೇಳಿ, ತೆಗೆದ ಹಳೇ ಸಾಮಾನು ಕೈಗೆ ಕೊಡಿ ಎನ್ನಿ, ಬಿಲ್ಲು ಪಡೆಯಿರಿ. ಒಬ್ಬರು ರೂಮು ಬಿಟ್ಟು ಊರಿಗೆ ಹೊರಟಾಗ ಜಗಳಕ್ಕೆ ಜಾಗ ಇರುವುದಿಲ್ಲ.

"ಎಕ್ಸಿಟ್ ಆಗುವವರು ನಾವ್ಯಾಕೆ ಕೊಡಬೇಕು?" ಎಂದು ಕೇಳುವವರೂ ಇದ್ದಾರೆ. ಕೇಳುವುದು ತಪ್ಪಲ್ಲ. ಆದರೆ ಹೋಗುವ ದಿನದವರೆಗೂ ಅವರು ಕೂರುವುದು ಅದೇ ಗಾಡಿಯಲ್ಲಿ. ಬ್ರೇಕ್ ಹಿಡಿದರೆ, ಟಯರ್ ಒಡೆದರೆ ಇಸ್ತಿಮಾರಾದಲ್ಲಿ ಹೆಸರು ಇದ್ದವರಿಗೆ ಮಾತ್ರ ಏಟಾಗುವುದಿಲ್ಲ. ಐದು ಮನೆಯವರು ಊರಲ್ಲಿ ಫೋನಿಗೆ ಕಾಯುತ್ತಿರುತ್ತಾರೆ. ಈ ಶುಕ್ರವಾರ ರಜೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಆ 20 ರಿಯಾಲಿನ ಮಾತು ಮುಗಿಸಿಬಿಡಿ.