ತೋಟದ ಜೀಪು: ದಂಡಿನದೋ, ಪೇಟೆಯದೋ?

ಕೊಡಗಿನ ಕಾಫಿತೋಟದ ಕೆಸರುದಾರಿಯಲ್ಲಿ ಗೊಬ್ಬರದ ಮೂಟೆಗಳನ್ನೂ ಕೆಲಸದವರನ್ನೂ ಹೊತ್ತು ಏದುತ್ತ ಏರುವ ಹಳೆಯ ಜೀಪನ್ನು ಕಾಣದವರಾರು? ಇದು ಮಹಾಯುದ್ಧದ ಗಾಡಿಯೆಂದು ಒಡೆಯರು ಹೆಮ್ಮೆಯಿಂದ ಹೇಳುವುದುಂಟು. ಕಾರ್ಯಪ್ಪ, ತಿಮ್ಮಯ್ಯನವರಂಥ ಸೇನಾನಿಗಳನ್ನು ಹೆತ್ತ ನಾಡಿಗೆ ಆ ಹೆಮ್ಮೆಯು ಸಹಜವಾದುದೇ. ಆದರೆ ಹಸಿರು ಬಣ್ಣ ಬಳಿದು ಬಿಳಿಯ ನಕ್ಷತ್ರ ಬರೆದ ಮಾತ್ರಕ್ಕೆ ಕಂಡ ಕಂಡ ಜೀಪೆಲ್ಲ ದಂಡಿನ ಜೀಪೆಂದು ಮಾರಾಟವಾಗುವುದಾದರೆ ನಾವು ಸುಮ್ಮನಿರುವುದು ಯುಕ್ತವಲ್ಲ.

1941ರಿಂದ 1945ರವರೆಗೆ ಅಮೇರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಾರಖಾನೆಗಳು ಆರು ಲಕ್ಷಕ್ಕೂ ಮಿಗಿಲಾಗಿ ಯುದ್ಧದ ಜೀಪುಗಳನ್ನು ತಯಾರಿಸಿದವು. ಭಾರತಕ್ಕೆ ಬಂದವುಗಳಲ್ಲಿ ಅನೇಕವು ಯುದ್ಧಾನಂತರ ಮಿಕ್ಕ ಮಾಲಾಗಿ ಮಾರಾಟವಾದವು. 1949ರಿಂದ ಮಹೀಂದ್ರ ಕಂಪನಿಯವರು ಮುಂಬಯಿಯಲ್ಲಿ ಅದೇ ವಿಲ್ಲೀಸ್ ವಂಶದ ನಾಗರಿಕ ಜೀಪನ್ನು ಜೋಡಿಸತೊಡಗಿದರು. ತೋಟಗಳಲ್ಲಿಯೂ ಮಾಂದಲಪಟ್ಟಿಯ ಏರಿನಲ್ಲಿಯೂ ಇಂದು ಓಡುವ ಬಹುಪಾಲು ಗಾಡಿಗಳು ಈ ಎರಡನೆಯ ಕುಲದವು.

ಇವನ್ನು ಬೇರ್ಪಡಿಸುವುದು ಬ್ರಹ್ಮವಿದ್ಯೆಯೇನೂ ಅಲ್ಲ. ದಂಡಿನ ಜೀಪಿನ ಮುಂಜಾಲರಿಗೆ ಒಂಬತ್ತು ಸೀಳು. ನಾಗರಿಕ ಜೀಪಿಗೆ ಏಳು. ದಂಡಿನದರ ದೀಪಗಳು ಸಣ್ಣವು, ಜಾಲರಿಯ ಹಿಂದೆ ಅಡಗಿದವು. ರಾತ್ರಿ ಎಂಜಿನು ಕೆಟ್ಟರೆ ದೀಪವನ್ನೇ ಹಿಂದಕ್ಕೆ ಮಗುಚಿ ಬೆಳಕು ಪಡೆಯಬಹುದು. (ಇಂಥ ಉಪಾಯವು ಇಂದಿನ ಲಕ್ಷಾಧಿಪತಿಗಳ ಕಾರಿಗಿದೆಯೆ?) ಅದಕ್ಕೆ ಹಿಂಬಾಗಿಲಿಲ್ಲ, ಹೆಚ್ಚಿನ ಚಕ್ರವು ಬೆನ್ನಿಗಿರುತ್ತದೆ. ಪೆಟ್ರೋಲು ತುಂಬುವ ಬಾಯಿಯು ಚಾಲಕನ ಪೀಠದ ಕೆಳಗೆ. ಎತ್ತರದ ಬಾನೆಟ್ಟಿನದಾದರೆ ಅದು ಯುದ್ಧದ್ದಲ್ಲವೆಂದು ದೂರದಿಂದಲೇ ಹೇಳಬಹುದು.

ಆದರೆ ಜಾಲರಿಯನ್ನು ಬದಲಿಸಬಹುದು, ಬಾನೆಟ್ಟನ್ನೂ ಬದಲಿಸಬಹುದು. ಎಡಗಡೆಯ ಸ್ಟಿಯರಿಂಗನ್ನು ಬಲಕ್ಕೆ ತಂದ ಗಾಡಿಗಳೂ ಉಂಟು. ಆದುದರಿಂದ ನೆಲದಲ್ಲಿ ಮಲಗಿ ಚಾಸಿಯನ್ನೇ ನೋಡತಕ್ಕದ್ದು. ಮುಂದಿನ ಅಡ್ಡತೊಲೆಯು ದುಂಡನೆಯ ಕೊಳವೆಯಾಗಿದ್ದರೆ ವಿಲ್ಲೀಸ್. ಬೋರಲಿಟ್ಟ ದೋಣಿಯಂತಿದ್ದರೆ ಫೋರ್ಡ್. ಫೋರ್ಡಿನವರು ಬೋಲ್ಟಿನ ತಲೆಯ ಮೇಲೂ ತಮ್ಮ 'ಎಫ್' ಅಕ್ಷರವನ್ನು ಒತ್ತುತ್ತಿದ್ದರು.

ಇಷ್ಟು ಪರೀಕ್ಷೆಯು ಯಾತಕ್ಕೆಂದರೆ, 2021ರಲ್ಲಿ ಕೇಂದ್ರ ಸರಕಾರವು ಮಾಡಿದ ನಿಯಮದಂತೆ 50 ವರ್ಷ ಮೀರಿ ಮೂಲರೂಪ ಉಳಿಸಿಕೊಂಡ ಗಾಡಿಯನ್ನು 20,000 ರೂಪಾಯಿ ತೆತ್ತು ಪ್ರಾಚೀನ ವಾಹನವೆಂದು ನೋಂದಾಯಿಸಬಹುದು. ಆದರೆ ಅದನ್ನು ನಿತ್ಯದ ಕೆಲಸಕ್ಕಾಗಲಿ ಬಾಡಿಗೆಗಾಗಲಿ ರಸ್ತೆಗಿಳಿಸಕೂಡದು. ಪ್ರದರ್ಶನದ ಗಾಡಿಗೆ ಇದು ಸೊಗಸಾದ ನಿಯಮ. ತೋಟದ ಜೀಪಿಗೆ ಏನು ಗತಿ? ಅದು ಉಳಿದಿರುವುದೇ ದುಡಿದುದರಿಂದ. ದುಡಿಸುವುದಕ್ಕಾಗಿ ಡೀಸೆಲ್ ಎಂಜಿನು ಕೂಡಿಸಿದರೆ ಮೂಲರೂಪ ಹೋಯಿತು; ಮೂಲರೂಪ ಕಾಯ್ದರೆ ದುಡಿಮೆ ಹೋಯಿತು. ಎರಡೂ ದಾರಿ ಗುಜರಿಯ ಅಂಗಡಿಗೇ!

ದುಡಿಯುವ ಹಳೆಯ ಗಾಡಿಗಳಿಗೆ ಪ್ರತ್ಯೇಕವಾದ ವರ್ಗವೊಂದನ್ನು ಸರಕಾರವು ಕಲ್ಪಿಸಲೇಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಅಲ್ಲಿಯವರೆಗೆ ಒಡೆಯರು ಕಳಚಿದ ಹಳೆಯ ಎಂಜಿನನ್ನು ತೂಕಕ್ಕೆ ಮಾರದೆ ಕೊಟ್ಟಿಗೆಯಲ್ಲಿಡಲಿ; ಚಾಸಿಯ ಸಂಖ್ಯೆಯನ್ನು ಬಣ್ಣ ಮುಚ್ಚುವ ಮೊದಲೇ ಬರೆದಿಟ್ಟುಕೊಳ್ಳಲಿ.