ಕುದುರೆ ಬಯಲಿನ ಗಾಲ್ಫ್: ಚೀಲ ಹೊತ್ತವನಿಗೂ ಒಂದು ಆಟ ಸಿಗಲಿ

ಚಾಮುಂಡಿಬೆಟ್ಟ ಹತ್ತುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕವರೆಲ್ಲ ಆ ಬಯಲನ್ನು ನೋಡಿರುತ್ತಾರೆ. ಬೆಟ್ಟದ ಕೆಳಗೆ ಮೊಟ್ಟೆಯಾಕಾರದ ದೊಡ್ಡದೊಂದು ಬಳೆ. ಬಳೆಯ ಅಂಚು ಕುದುರೆ ಓಡುವ ದಾರಿ. ನಡುವೆ ಹುಲ್ಲು, ಮರ, ಅಲ್ಲಲ್ಲಿ ಒಂದೊಂದು ಪುಟ್ಟ ಬಾವುಟ. ‘ಅದೇನ್ರೀ ಬಾವುಟ?’ ಎಂದು ಯಾರಾದರೂ ಕೇಳಿದರೆ ಪಕ್ಕದವರ ಉತ್ತರ ಒಂದೇ: ‘ಗಾಲ್ಫು ಸ್ವಾಮಿ, ದುಡ್ಡಿದ್ದೋರ ಆಟ.’ ಅಲ್ಲಿಗೆ ಮಾತು ಮುಗಿಯಿತು.

ಮಾತು ಅಲ್ಲಿಗೆ ಮುಗಿಯಬಾರದು. ಮೈಸೂರಿನ ರೇಸ್ ಕೋರ್ಸ್ ಬಯಲು ಸರ್ಕಾರದ ಜಾಗ. ಅದರ ಒಳಗೆ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿನ ಹದಿನೆಂಟು ಕುಳಿಗಳ ಮೈದಾನವಿದೆ. ಜಾಗ ಸರ್ಕಾರದ್ದು ಎಂದ ಮೇಲೆ ಅದು ದೇವರಾಜ ಮಾರ್ಕೆಟ್ಟಿನ ತರಕಾರಿ ಅಂಗಡಿಯವನದ್ದೂ ಹೌದು, ದಿನಾ ಬೆಳಿಗ್ಗೆ ಸಿಟಿ ಬಸ್ಸಿನಲ್ಲಿ ನೇತಾಡಿಕೊಂಡು ಕೆಲಸಕ್ಕೆ ಹೋಗುವವನದ್ದೂ ಹೌದು. ಅವರ ಮಕ್ಕಳು ಆ ಬಾವುಟದ ಹತ್ತಿರ ಹೋಗುವ ದಾರಿ ಯಾವುದು? ಸದ್ಯಕ್ಕೆ ಎಲ್ಲರಿಗೂ ಗೊತ್ತಿರುವ ದಾರಿ ಒಂದೇ. ಬೇರೆಯವರ ಚೀಲ ಹೊತ್ತುಕೊಂಡು ಒಳಗೆ ಹೋಗುವುದು.

ಆಟ ಏನು?

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ನೆಲದಲ್ಲಿ ನಾಲ್ಕೂಕಾಲು ಅಂಗುಲ ಅಗಲದ ಒಂದು ಕುಳಿ. ಅದರಿಂದ ನೂರಿನ್ನೂರು, ನಾನೂರು ಗಜ ದೂರದಲ್ಲಿ ನಿಂತು ನಿಂಬೆಹಣ್ಣಿನ ಗಾತ್ರದ ಚೆಂಡನ್ನು ಕೋಲಿನಿಂದ ಹೊಡೆಯುತ್ತ, ಅದು ಬಿದ್ದಲ್ಲಿಗೆ ನಡೆಯುತ್ತ, ಕೊನೆಗೆ ಕುಳಿಯೊಳಗೆ ಬೀಳಿಸಬೇಕು. ಅತಿ ಕಡಿಮೆ ಏಟಿನಲ್ಲಿ ಬೀಳಿಸಿದವನೇ ಗೆದ್ದವನು. ಒಂದೊಂದು ಕುಳಿಗೂ ಮೂರು, ನಾಲ್ಕು ಅಥವಾ ಐದು ಏಟು ಎಂದು ಲೆಕ್ಕ ಕಟ್ಟಿರುತ್ತಾರೆ. ಚೀಲದಲ್ಲಿ ಹದಿನಾಲ್ಕಕ್ಕಿಂತ ಹೆಚ್ಚು ಕೋಲು ಇಟ್ಟುಕೊಳ್ಳುವ ಹಾಗಿಲ್ಲ. ಹದಿನೆಂಟು ಕುಳಿ ಮುಗಿಸಲು ಸುಮಾರು ನಾಲ್ಕು ಗಂಟೆ, ಆರೇಳು ಕಿಲೋಮೀಟರು ನಡಿಗೆ.

ಈ ಆಟದಲ್ಲಿ ಎರಡು ಒಳ್ಳೆಯ ಗುಣಗಳಿವೆ. ಒಂದು, ಸಾಮಾನ್ಯ ಆಟದಲ್ಲಿ ಅಂಪೈರು ಇಲ್ಲ. ಪೊದೆಯಲ್ಲಿ ನಿಂತು ಎಷ್ಟು ಏಟು ಹೊಡೆದೆ ಎಂದು ಆಡಿದವನೇ ಚೀಟಿಯಲ್ಲಿ ಬರೆಯಬೇಕು. ಸಾಲದ ಪುಸ್ತಕ ಇಟ್ಟ ಅಂಗಡಿಯವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ. ಎರಡು, ಬಲ್ಲವನಿಗೂ ಹೊಸಬನಿಗೂ ಜೊತೆ ಕಟ್ಟಲು ‘ಹ್ಯಾಂಡಿಕ್ಯಾಪ್’ ಎಂಬ ಏರ್ಪಾಡಿದೆ. ಕಡಿಮೆ ಆಡುವವನಿಗೆ ಇಂತಿಷ್ಟು ಏಟು ಎಂದು ರಿಯಾಯಿತಿ ಕೊಡುತ್ತಾರೆ. ಹಾಗಾಗಿ ಸಾಹೇಬರೂ ಗುಮಾಸ್ತನೂ ಒಂದೇ ಲೆಕ್ಕದಲ್ಲಿ ಆಡಬಹುದು. ಆಟದ ನಿಯಮದಲ್ಲಿ ಮೇಲು ಕೀಳು ಇಲ್ಲ. ಇರುವುದು ಗೇಟಿನಲ್ಲಿ.

ಮಸಲ್‌ಬರೊ ಎಂಬ ಊರು

ಗೇಟು ಎಲ್ಲ ಕಡೆಯೂ ಹೀಗೇ ಇರಬೇಕೆಂದೇನೂ ಇಲ್ಲ. ಈ ಆಟದ ತವರು ಸ್ಕಾಟ್ಲೆಂಡ್. ಅದರ ರಾಜಧಾನಿ ಎಡಿನ್‌ಬರೊದಿಂದ ಪೂರ್ವಕ್ಕೆ ಹತ್ತು ಕಿಲೋಮೀಟರಿನಷ್ಟು ದೂರದಲ್ಲಿ, ಸಮುದ್ರದ ದಂಡೆಯ ಮೇಲೆ, ಮಸಲ್‌ಬರೊ ಎಂಬ ಸಣ್ಣ ಊರಿದೆ. ಸಿಟಿ ಬಸ್ಸಿನಲ್ಲೇ ಹೋಗಬಹುದು. ಅಲ್ಲೊಂದು ಪುಟ್ಟ ಗಾಲ್ಫ್ ಬಯಲು. ಬರೀ ಒಂಬತ್ತು ಕುಳಿ. ಅದರ ಸುತ್ತ ಏನಿದೆ ಗೊತ್ತೆ? ಕುದುರೆ ಜೂಜಿನ ಮೈದಾನ. ನಮ್ಮ ಮೈಸೂರಿನ ಹಾಗೆಯೇ!

1672ರಲ್ಲಿ ಅಲ್ಲಿ ಗಾಲ್ಫ್ ಆಡಿದ ಲಿಖಿತ ದಾಖಲೆಯಿದೆ. ಕುದುರೆ ಜೂಜು ಬಂದದ್ದು 1816ರಲ್ಲಿ. ಮೊದಲು ಏಳೇ ಕುಳಿ. 1832ರಲ್ಲಿ ಎಂಟನೆಯದು, 1870ರಲ್ಲಿ ಒಂಬತ್ತನೆಯದು ಸೇರಿತು. ಇವತ್ತು ಜಗತ್ತಿನ ಎಲ್ಲ ಗಾಲ್ಫ್ ಕುಳಿಗಳಿಗೂ ಇರುವ ನಾಲ್ಕೂಕಾಲು ಅಂಗುಲದ ಅಳತೆ ಈ ಊರಲ್ಲೇ ಹುಟ್ಟಿತು ಎನ್ನುತ್ತಾರೆ. 1829ರಲ್ಲಿ ಇಲ್ಲಿ ಕುಳಿ ಕೊರೆಯಲು ಮಾಡಿಸಿದ ಕಬ್ಬಿಣದ ಸಲಕರಣೆಯ ಅಗಲ ಅಷ್ಟಿತ್ತು. 1893ರಲ್ಲಿ ಅದೇ ಎಲ್ಲರಿಗೂ ಕಾನೂನಾಯಿತು.

ಕುಳಿಗಳ ಹೆಸರು ಕೇಳಿದರೆ ನಮ್ಮ ಬಸ್ ಸ್ಟಾಪುಗಳ ಹೆಸರಿನಂತೆ ಇವೆ. ಒಂದು ‘ಸಮಾಧಿಗಳು’. 1547ರ ಪಿಂಕಿ ಯುದ್ಧದಲ್ಲಿ ಸತ್ತ ಸೈನಿಕರನ್ನು ಅಲ್ಲಿ ಹೂತಿದ್ದಾರೆಂಬುದು ಊರವರ ನಂಬಿಕೆ. ಇನ್ನೊಂದು ‘ಮಿಸೆಸ್ ಫೋರ್ಮನ್’. ಪಕ್ಕದಲ್ಲೇ ಇದ್ದ ಹೋಟೆಲಿನ ಯಜಮಾನಿಯ ಹೆಸರು ಅದು. ಮಗದೊಂದು ‘ಸಮುದ್ರದ ಕುಳಿ’. ಮತ್ತೊಂದು ‘ಗ್ಯಾಸ್’. ಗ್ಯಾಸ್ ಕಾರ್ಖಾನೆ ಪಕ್ಕದಲ್ಲಿತ್ತು, ಅಷ್ಟೇ. ಊರಿನ ಬದುಕು ಆಟದೊಳಗೆ ಬಂದು ಕೂತಿದೆ. ಅರಮನೆಯವರ, ಅಧಿಕಾರಿಗಳ ಹೆಸರಿಗಾಗಿ ಯಾರೂ ಕಾಯಲಿಲ್ಲ.

ಆಡಿದವರಾದರೂ ಯಾರು? 1811ರ ಸುಮಾರಿಗೆ ಅಲ್ಲಿನ ಮೀನು ಮಾರುವ ಹೆಂಗಸರಿಗೆಂದೇ ಗಾಲ್ಫ್ ಪಂದ್ಯ ಇಟ್ಟಿದ್ದರು. ಹೆಂಗಸರ ಗಾಲ್ಫ್ ಪಂದ್ಯದ ಅತಿ ಹಳೆಯ ದಾಖಲೆಗಳಲ್ಲಿ ಇದೂ ಒಂದು. ಬೆನ್ನ ಮೇಲೆ ಮೀನಿನ ಬುಟ್ಟಿ ಹೊತ್ತು ಎಡಿನ್‌ಬರೊ ಬೀದಿಗಳಿಗೆ ನಡೆದು ಹೋಗಿ ಮಾರುತ್ತಿದ್ದ ಹೆಂಗಸರು ಅವರು. ಗೆದ್ದವಳಿಗೆ ಬಹುಮಾನ, ಒಂದು ಹೊಸ ಬುಟ್ಟಿ. ಬೇಕಾದ್ದನ್ನೇ ಕೊಟ್ಟರು!

ಗಾಲ್ಫಿನ ಅತಿ ದೊಡ್ಡ ಪಂದ್ಯವಾದ ಓಪನ್ ಚಾಂಪಿಯನ್‌ಷಿಪ್ 1874ರಿಂದ 1889ರವರೆಗೆ ಆರು ಬಾರಿ ಈ ಒಂಬತ್ತು ಕುಳಿಯ ಬಯಲಿನಲ್ಲೇ ನಡೆಯಿತು. 1886ರಲ್ಲಿ ಅಲ್ಲಿ ಗೆದ್ದ ಡೇವಿಡ್ ಬ್ರೌನ್ ಛಾವಣಿಗೆ ಹಂಚುಕಲ್ಲು ಹೊದಿಸುವ ಕೂಲಿಯವನು. 1880, 1881, 1882, ಹೀಗೆ ಸತತ ಮೂರು ವರ್ಷ ಓಪನ್ ಗೆದ್ದ ಬಾಬ್ ಫರ್ಗುಸನ್ ಅದೇ ಊರಿನ ಹುಡುಗ. ಎಳೆಯ ವಯಸ್ಸಿನಲ್ಲೇ ಆ ಬಯಲಿನಲ್ಲಿ ಚೀಲ ಹೊರಲು ಸೇರಿದವನು. 1883ರಲ್ಲಿ ನಾಲ್ಕನೆಯ ಬಾರಿಯೂ ಗೆಲ್ಲುವುದರಲ್ಲಿದ್ದು ಟೈ ಆಗಿ ಸೋತ. ಆಮೇಲೆ ಟೈಫಾಯಿಡ್ ಬಂದು ದೇಹ ಕುಗ್ಗಿತು. ಮೂರು ಬಾರಿ ಚಾಂಪಿಯನ್ ಆದವನು ಮತ್ತೆ ಬಯಲಿಗೆ ಬಂದು ಚೀಲ ಹೊತ್ತ, ಹುಲ್ಲು ನೋಡಿಕೊಂಡ. ಚೀಲ ಹೊರುವವನ ಪಾಡು ಅಲ್ಲೂ ಸುಖದ್ದೇನಾಗಿರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಆದರೆ ಒಂದು ವ್ಯತ್ಯಾಸವುಂಟು. ಅವನ ಕೈಗೆ ಕೋಲು ಸಿಕ್ಕಿತ್ತು.

ದೊಡ್ಡವರು ಹೋದರು, ಬಯಲು ಉಳಿಯಿತು

ಆ ಪುಟ್ಟ ಬಯಲಿನಲ್ಲಿ ಜನ ಜಾಸ್ತಿಯಾದರು. ಕ್ಲಬ್ಬಿನವರೂ ಅಲ್ಲೇ, ಊರವರೂ ಅಲ್ಲೇ. ನೂಕುನುಗ್ಗಲು ತಾಳದೆ ದೊಡ್ಡ ಕ್ಲಬ್ಬಿನ ಮಹನೀಯರು 1891ರಲ್ಲಿ ಮ್ಯೂರ್‌ಫೀಲ್ಡ್ ಎಂಬಲ್ಲಿ ತಮ್ಮದೇ ಮೈದಾನ ಮಾಡಿಕೊಂಡು ಹೊರಟರು. 1892ರಲ್ಲಿ ಓಪನ್ ಪಂದ್ಯವೂ ಅವರ ಹಿಂದೆಯೇ ಹೋಯಿತು. ಮಸಲ್‌ಬರೊಗೆ ಮತ್ತೆ ಬರಲೇ ಇಲ್ಲ. ಊರಿಗೆ ಇದರಿಂದ ನಷ್ಟವಾಯಿತು, ಸಿಟ್ಟೂ ಬಂತು. ಆದರೆ ಬಯಲು ಮಾತ್ರ ಊರವರ ಪಾಲಿಗೆ ಉಳಿಯಿತು.

ಇವತ್ತಿಗೂ ಅದು ಸಾರ್ವಜನಿಕ ಮೈದಾನವೇ. ಕ್ಲಬ್ಬಿನ ಸದಸ್ಯನಾಗಬೇಕಿಲ್ಲ, ಶಿಫಾರಸು ಬೇಕಿಲ್ಲ. ದುಡ್ಡು ಕಟ್ಟಿ ಒಂಬತ್ತು ಕುಳಿ ಆಡಿ ಮನೆಗೆ ಹೋಗಬಹುದು. ಕೋಲು ಇಲ್ಲದವರಿಗೆ ಹಳೇ ಕಾಲದ ಮರದ ಹಿಡಿಯ ಕೋಲು ಬಾಡಿಗೆಗೂ ಸಿಗುತ್ತದೆ. ಕುದುರೆ ಓಡುವ ದಿನ ಗಾಲ್ಫ್ ಬಂದ್. ಮಿಕ್ಕ ದಿನ ಕುದುರೆ ದಾರಿ ದಾಟಿಕೊಂಡೇ ಜನ ಆಡುತ್ತಾರೆ. ಎರಡೂ ಆಟ ಒಂದೇ ಬಯಲಲ್ಲಿ ಇನ್ನೂರು ವರ್ಷದಿಂದ ಹೊಂದಿಕೊಂಡಿವೆ. ‘ಕುದುರೆ ಇದೆ, ಜನರನ್ನು ಬಿಡಲಾಗದು’ ಎಂಬ ನೆಪಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕೆ?

ನಮ್ಮ ಹುಡುಗರು ಸಾಮಾನ್ಯರಲ್ಲ

‘ಅದು ಅವರ ದೇಶ, ಅವರ ಆಟ. ನಮ್ಮ ಹುಡುಗರಿಗೆ ಯಾಕೆ?’ ಎನ್ನುವವರೂ ಇದ್ದಾರೆ. ಅವರು ನಮ್ಮ ದೇಶದ ಲೆಕ್ಕವನ್ನೇ ನೋಡಲಿ. 1991ರಲ್ಲಿ ಇಂಡಿಯನ್ ಓಪನ್ ಗೆದ್ದು, 1993ರಲ್ಲಿ ಮತ್ತೆ ಗೆದ್ದ ಅಲಿ ಶೇರ್ ದೆಹಲಿಯಲ್ಲಿ ಚೀಲ ಹೊರುತ್ತಿದ್ದವರು. 2009ರಲ್ಲಿ ಅದೇ ಪಂದ್ಯವನ್ನು ಟೈ ಬಿಡಿಸುವ ಆಟದಲ್ಲಿ ಕೊರಿಯಾದವನನ್ನು ಸೋಲಿಸಿ ಗೆದ್ದ ಸಿ. ಮುನಿಯಪ್ಪ ಬೆಂಗಳೂರಿನಲ್ಲಿ ಚೀಲ ಹೊತ್ತು ಆಟ ಕಲಿತವರು. ಬಿಡದಿ ಬಳಿಯ ಹಳ್ಳಿಯ ಎಸ್. ಚಿಕ್ಕರಂಗಪ್ಪ ಚೆಂಡು ಹೆಕ್ಕುವ ಹುಡುಗನಾಗಿ ಶುರು ಮಾಡಿ ದೇಶದ ವೃತ್ತಿಪರ ಪಂದ್ಯಗಳಲ್ಲಿ ಹಲವು ಪ್ರಶಸ್ತಿ ಗಳಿಸಿದವರು.

ಚೀಲ ಹೊತ್ತವರ ಮಾತು ಹಾಗಿರಲಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವಳಾಗಿ, ಪದಕ ಕೂದಲೆಳೆಯಲ್ಲಿ ತಪ್ಪಿಸಿಕೊಂಡ ಬೆಂಗಳೂರಿನ ಅದಿತಿ ಅಶೋಕ್ ಕತೆ ಎಲ್ಲರಿಗೂ ಗೊತ್ತು. ಐದಾರು ವರ್ಷದ ಮಗುವಾಗಿದ್ದಾಗ ಅಪ್ಪ ಅಮ್ಮನ ಜೊತೆ ತಿಂಡಿಗೆ ಹೋದ ಹೋಟೆಲಿನಿಂದ ಗಾಲ್ಫ್ ಅಭ್ಯಾಸದ ಜಾಗ ಕಂಡು ‘ಅದೇನು?’ ಎಂದು ಕೇಳಿದವಳು. ಮನೆಯವರು ಕರೆದುಕೊಂಡು ಹೋದರು, ಅಲ್ಲಿನವರು ಒಳಗೆ ಬಿಟ್ಟರು. ಒಳಗೆ ಬಿಡದೇ ಇದ್ದಿದ್ದರೆ? ಬೆಟ್ಟದ ಬಸ್ಸಿನ ಕಿಟಕಿಯಿಂದ ನಮ್ಮ ಎಷ್ಟು ಮಕ್ಕಳು ಅದೇ ಪ್ರಶ್ನೆ ಕೇಳಿಲ್ಲ!

ಇನ್ನು ನೀರಿನ ಮಾತು. ಕುಡಿಯುವ ನೀರಿಗೆ ಬಿಂದಿಗೆ ಸಾಲು ನಿಂತಿರುವಾಗ ಹುಲ್ಲಿಗೆ ನೀರು ಬೇಕೆ ಎಂಬ ಪ್ರಶ್ನೆ ನ್ಯಾಯವೇ. ಸ್ಕಾಟ್ಲೆಂಡಿನ ಕಡಲದಂಡೆಯಲ್ಲಿ ಮಳೆಯೇ ಹುಲ್ಲು ಬೆಳೆಸುತ್ತದೆ. ಮೈಸೂರಿನ ಬೇಸಿಗೆ ಹಾಗಲ್ಲ. ಆದ್ದರಿಂದ ಹೊಸ ಮೈದಾನ ಮಾಡಿ ಎಂದು ಯಾರೂ ಕೇಳಬೇಕಾಗಿಲ್ಲ, ಕೇಳಲೂಬಾರದು. ಕೆರೆಯಂಗಳ, ಗೋಮಾಳ ಮುಟ್ಟಿ ಆಟ ಆಡುವ ಅಗತ್ಯ ಈ ಜಿಲ್ಲೆಗಿಲ್ಲ. ಆದರೆ ಇರುವ ಮೈದಾನಕ್ಕೆ ನೀರು ಹೇಗೂ ಹೋಗುತ್ತಿದೆ. ಆ ನೀರಿನ ಫಲ ಕೆಲವರಿಗೇ ಏಕೆ? ನೂರು ಜನ ಆಡುವ ಹುಲ್ಲಿಗೆ ಹಾಕುವ ನೀರೇ ಸಾವಿರ ಜನ ಆಡಿದರೂ ಸಾಕಾಗುತ್ತದೆ.

ಮಾಡಬೇಕಾದ್ದು ಇಷ್ಟೇ

ಒಂದು: ವಾರಕ್ಕೆ ಒಂದು ಅರ್ಧ ದಿನ, ಕುದುರೆ ಓಡದ ಹೊತ್ತು ನೋಡಿ, ಮೂರೋ ನಾಲ್ಕೋ ಕುಳಿಗಳನ್ನು ಊರಿನವರಿಗೆ ಬಿಡಬೇಕು. ಸಣ್ಣ ಟಿಕೆಟು ಇರಲಿ, ತಪ್ಪಿಲ್ಲ. ಕೋಲು ಬಾಡಿಗೆಗೆ ಸಿಗಲಿ. ಸರ್ಕಾರಿ ಶಾಲೆಯ ಮಕ್ಕಳಿಗೆ ಟಿಕೆಟು ಬೇಡ.

ಎರಡು: ಚೀಲ ಹೊರುವವರಿಗೆ ಆಡುವ ದಿನ ಗೊತ್ತಿರಬೇಕು. ಅನೇಕ ಕ್ಲಬ್ಬುಗಳಲ್ಲಿ ಸೋಮವಾರ ಮೈದಾನಕ್ಕೆ ರಜ. ಅಂದು ಚೀಲ ಹೊರುವವರಿಗೆ ಆಡಲು ಬಿಡುವ ಪದ್ಧತಿ ಇದೆ. ಅದು ಸಾಹೇಬರ ದಯೆಯಾಗಿ ಉಳಿಯಬಾರದು. ಬೋರ್ಡಿನ ಮೇಲೆ ಬರೆದ ಹಕ್ಕಾಗಬೇಕು. ಹತ್ತು ಹದಿನೈದು ಕೆ.ಜಿ. ಹೊತ್ತು ಬಿಸಿಲಲ್ಲಿ ಆರೇಳು ಕಿಲೋಮೀಟರು ನಡೆಯುವವನಿಗೆ ಗುರುತಿನ ಚೀಟಿ, ಅಪಘಾತ ವಿಮೆ ಇರಬೇಕು. ಚೆಂಡು ತಲೆಗೆ ಬಡಿದರೆ ಆಸ್ಪತ್ರೆ ಖರ್ಚು ಯಾರದ್ದು ಎಂಬ ಪ್ರಶ್ನೆಗೆ ಮೊದಲೇ ಉತ್ತರ ಬರೆದಿಡಬೇಕು. ಅಸಂಘಟಿತ ಕಾರ್ಮಿಕರಿಗೆಂದು ಕೇಂದ್ರ ಸರ್ಕಾರ 2021ರಲ್ಲಿ ಇ-ಶ್ರಮ್ ನೋಂದಣಿ ತೆರೆದಿದೆ. ಕಾರ್ಮಿಕ ಇಲಾಖೆಯವರು ಒಂದು ಬೆಳಿಗ್ಗೆ ಗೇಟಿನ ಹತ್ತಿರ ಮೇಜು ಹಾಕಿ ಕುಳಿತರೆ ಅರ್ಧ ಕೆಲಸ ಮುಗಿಯುತ್ತದೆ.

ಮೂರು: ಸಾರ್ವಜನಿಕ ಜಾಗವನ್ನು ಗುತ್ತಿಗೆ ಕೊಡುವಾಗ, ನವೀಕರಿಸುವಾಗ ಬಾಡಿಗೆ ಎಷ್ಟು ಎಂದು ಕೇಳಿದರೆ ಸಾಲದು. ಊರಿಗೆ ಎಷ್ಟು ಹೊತ್ತು ಬಿಡುತ್ತೀರಿ ಎಂದೂ ಕೇಳಬೇಕು. ಇದು ಮೈಸೂರಿಗಷ್ಟೇ ಅಲ್ಲ. ಸರ್ಕಾರದ ಜಾಗದಲ್ಲಿರುವ ರಾಜ್ಯದ ಪ್ರತಿಯೊಂದು ಕ್ಲಬ್ಬಿಗೂ ಈ ಷರತ್ತು ಅನ್ವಯವಾಗಲಿ.

ಕ್ಲಬ್ಬಿನವರಿಗೂ ಒಂದು ಮಾತು. ಅವರನ್ನು ಹೊರಗೆ ಹಾಕಿ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಬೆಟ್ಟದ ಕೆಳಗೆ ಅಷ್ಟು ಹಸಿರು ಉಳಿದಿರುವುದರಲ್ಲಿ ಅವರ ಪಾಲೂ ಇದೆ. ಕಟ್ಟಡ ಎದ್ದಿಲ್ಲ, ಸೈಟು ಆಗಿಲ್ಲ, ಅಷ್ಟರ ಮಟ್ಟಿಗೆ ಊರು ಅವರಿಗೆ ಋಣಿ. ಆದರೆ ಬೇಲಿ ಹಾಕಿ ಕಾಯ್ದ ಹಸಿರಿಗೆ ಊರಿನ ಪ್ರೀತಿ ಸಿಗುವುದಿಲ್ಲ. ನಾಳೆ ಯಾರಾದರೂ ಪ್ರಭಾವಿಗಳು ಆ ಬಯಲಿನ ಮೇಲೆ ಕಣ್ಣು ಹಾಕಿದರೆ ಉಳಿಸಿಕೊಳ್ಳಲು ಬೀದಿಗಿಳಿಯಬೇಕಾದವರು ಯಾರು? ಅಲ್ಲಿ ಒಂದು ದಿನವೂ ಕಾಲಿಡದ ಜನ ಬರುತ್ತಾರೆಯೇ? ಮಸಲ್‌ಬರೊ ಬಯಲು ಉಳಿದದ್ದು ಅದನ್ನು ತಮ್ಮದೆಂದು ತಿಳಿದ ಜನರಿಂದ, ಬೇಲಿಯಿಂದ ಅಲ್ಲ.

ಜಿಲ್ಲಾಡಳಿತ, ಕ್ರೀಡಾ ಇಲಾಖೆ, ಎರಡೂ ಕ್ಲಬ್ಬುಗಳ ಪದಾಧಿಕಾರಿಗಳು ಒಂದು ಮೇಜಿನ ಸುತ್ತ ಕುಳಿತರೆ ಈ ಕೆಲಸಕ್ಕೆ ಒಂದು ಸಂಜೆ ಸಾಕು. ಖರ್ಚು ಅಷ್ಟೇನಿಲ್ಲ. ಬೇಕಾದದ್ದು ಮನಸ್ಸು. ದಸರೆಗೆ ಲಕ್ಷಾಂತರ ಜನರನ್ನು ಕರೆದು ಸಂಭಾಳಿಸುವ ಊರಿಗೆ ನಾಲ್ಕು ಕುಳಿ ತೆರೆಯುವುದು ಕಷ್ಟವೇ? ಸಂಬಂಧಪಟ್ಟವರು ಉತ್ತರ ಹೇಳಲಿ.